ಕೋಳಿ ಗೊಬ್ಬರ ಮತ್ತು ಹಿತ್ತಲ ಮಣ್ಣು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಳಿ ಗೊಬ್ಬರದ ಬಗ್ಗೆ ಎರಡು ಬಗೆಯ ಜನ ವಿಚಾರಿಸುತ್ತಾರೆ. ಅಗ್ಗಕ್ಕೆ ಸಿಕ್ಕಿತೆಂದು ಎರಡು ಮೂಟೆ ತಂದು ಬುಡಕ್ಕೆ ಸುರಿದು, ವಾರದೊಳಗೆ ಎಲೆಗಳ ಅಂಚು ಸುಟ್ಟದ್ದನ್ನು ಕಂಡು ಗಾಬರಿಯಾದವರು ಒಂದು ಬಗೆ. ಅಂಥವರ ಕಥೆ ಕೇಳಿ ಗೊಬ್ಬರವನ್ನು ಮುಟ್ಟಲೂ ಹಿಂಜರಿಯುವವರು ಇನ್ನೊಂದು ಬಗೆ. ಇಬ್ಬರ ಪ್ರಶ್ನೆಗಳೂ ಇಲ್ಲಿವೆ. ಅಳತೆಗಳನ್ನು ಕರ್ನಾಟಕದ ಹವೆ ಮತ್ತು ಮಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟಿದೆ.

ಕೋಳಿ ಗೊಬ್ಬರದಲ್ಲಿ ಅಂಥದ್ದೇನಿದೆ?

ಹಸು ಸಗಣಿಯನ್ನೂ ಗಂಜಲವನ್ನೂ ಬೇರೆ ಬೇರೆ ಹಾಕುತ್ತದೆ. ಗಂಜಲದಲ್ಲಿರುವ ಸಾರಜನಕದ ಬಹುಪಾಲನ್ನು ಕೊಟ್ಟಿಗೆಯ ನೆಲವೇ ಕುಡಿದುಬಿಡುತ್ತದೆ. ಕೋಳಿಗೆ ಎರಡಕ್ಕೂ ದಾರಿ ಒಂದೇ. ಹಿಕ್ಕೆಯನ್ನು ಬಗ್ಗಿ ನೋಡಿದರೆ ಕಂದು ಮುದ್ದೆಯ ಮೇಲೆ ಸುಣ್ಣ ಬಳಿದಂಥ ಬಿಳಿಯ ಪದರ ಕಾಣುತ್ತದೆ. ಅದು ಯೂರಿಕ್ ಆಮ್ಲ, ಅಂದರೆ ಕೋಳಿಯ ಮೂತ್ರ. ಗೊಬ್ಬರದ ಕಸುವಿನ ದೊಡ್ಡ ಪಾಲು ಇರುವುದು ಆ ಬಿಳಿಯ ಭಾಗದಲ್ಲೇ.

ಒಣಗಿದ ಕೋಳಿ ಗೊಬ್ಬರದಲ್ಲಿ ಸಾಮಾನ್ಯವಾಗಿ ಶೇ. 3ರಷ್ಟು ಸಾರಜನಕ, ಶೇ. 2.6ರಷ್ಟು ರಂಜಕ, ಶೇ. 1.4ರಷ್ಟು ಪೊಟ್ಯಾಷ್ ಇರುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಇವು ಕ್ರಮವಾಗಿ ಶೇ. 0.5, 0.2 ಮತ್ತು 0.5ರ ಆಸುಪಾಸಿನಲ್ಲಿರುತ್ತವೆ. ಸಾರಜನಕದಲ್ಲಿ ಆರು ಪಟ್ಟು, ರಂಜಕದಲ್ಲಿ ಹತ್ತು ಪಟ್ಟಿಗೂ ಹೆಚ್ಚಿನ ವ್ಯತ್ಯಾಸ. ಹಾಗಾಗಿ ಇದನ್ನು ಕೊಟ್ಟಿಗೆ ಗೊಬ್ಬರದ ಲೆಕ್ಕದಲ್ಲಿ ಮಂಕರಿಗಟ್ಟಲೆ ಸುರಿದರೆ ಎಡವಟ್ಟಾಗುವುದು ಖಚಿತ. ಹೆಸರಿನಲ್ಲಿ ಗೊಬ್ಬರವಾದರೂ ಅರ್ಧದಷ್ಟು ರಸಗೊಬ್ಬರದ ಗುಣ ಇದಕ್ಕಿದೆ.

"ಕೋಳಿ ಗೊಬ್ಬರ ಹೀಟು" ಎನ್ನುತ್ತಾರೆ. ನಿಜವೇ?

ನಿಜ, ಎರಡು ಅರ್ಥದಲ್ಲಿ ನಿಜ. ತೇವದ ಹಿಕ್ಕೆಯನ್ನು ರಾಶಿ ಹಾಕಿದರೆ ಒಳಗೆ ಸೂಕ್ಷ್ಮಜೀವಿಗಳ ಕೆಲಸ ಜೋರಾಗಿ ನಡೆದು ರಾಶಿ ಮುಟ್ಟಲಾಗದಷ್ಟು ಬಿಸಿಯೇರುತ್ತದೆ. ಬುಡಕ್ಕೆ ತೆಳ್ಳಗೆ ಹರಡಿದಾಗ ಅಷ್ಟು ಶಾಖ ಹುಟ್ಟುವುದಿಲ್ಲ. ಆದರೂ ಗಿಡ ಸುಡುತ್ತದೆ. ಅಲ್ಲಿ ಸುಡುವುದು ಅಮೋನಿಯಾ ಮತ್ತು ಉಪ್ಪಿನಂಶ. ಯೂರಿಕ್ ಆಮ್ಲ ಒಡೆದು ಅಮೋನಿಯಾ ಆಗುತ್ತದೆ. ಕೋಳಿ ಶೆಡ್ಡಿಗೆ ಕಾಲಿಟ್ಟೊಡನೆ ಕಣ್ಣು ಉರಿಸುವುದು ಇದೇ. ಎಳೆಯ ಬೇರಿಗೂ ಮೊಳಕೆಗೂ ಇದು ವಿಷ. ಉಪ್ಪಿನಂಶವಂತೂ ಬೇರಿಗೆ ನೀರು ಸಿಗದಂತೆ ಮಾಡುತ್ತದೆ. ಮಣ್ಣು ಒದ್ದೆಯಾಗಿದ್ದರೂ ಗಿಡ ಬಾಡಿ ನಿಲ್ಲುವುದು ಅದಕ್ಕೇ.

ಹೆಚ್ಚು ನೀರು ಬಿಟ್ಟರೆ ಹೀಟು ಇಳಿಯುತ್ತದೆ ಎಂಬ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ನೀರು ಉಪ್ಪನ್ನು ಕೆಳಗೆ ತಳ್ಳುತ್ತದೆ. ಅದರ ಜೊತೆಗೆ ನೀವು ದುಡ್ಡು ಕೊಟ್ಟು ತಂದ ಸಾರಜನಕವೂ ಬೇರಿನ ಆಳ ದಾಟಿ ಹೋಗುತ್ತದೆ.

ಹಸಿಯಾಗಿ ಹಾಕಲೇಬಾರದೇ?

ಬೆಳೆ ಇಲ್ಲದ ಖಾಲಿ ಪಾತಿಗೆ ಹಾಕಬಹುದು. ತೆಳುವಾಗಿ ಹರಡಿ, ಅದೇ ದಿನ ಗುದ್ದಲಿಯಿಂದ ಮಣ್ಣಿಗೆ ಬೆರೆಸಿ, ಮೇಲೆ ತರಗೆಲೆ ಹೊದಿಸಿ ಬಿಡಬೇಕು. ಮೇಲ್ಮೈಯಲ್ಲೇ ಬಿಟ್ಟರೆ ಸಾರಜನಕ ಗಾಳಿಗೆ ಹಾರುತ್ತದೆ, ಉಳಿದದ್ದು ನೊಣಗಳ ಪಾಲು.

ಆಮೇಲೆ ಎಷ್ಟು ದಿನ ಕಾಯಬೇಕು ಎಂಬುದು ಮುಖ್ಯ. ಹಸಿ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್, ಇ. ಕೋಲಿಯಂಥ ರೋಗಾಣುಗಳಿರುತ್ತವೆ. ಅಮೆರಿಕದ ಸಾವಯವ ನಿಯಮದ ಪ್ರಕಾರ ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಗೊಬ್ಬರ ಹಾಕಿದ ಮೇಲೆ ಕೊಯ್ಲಿಗೆ 120 ದಿನಗಳ ಅಂತರವಿರಬೇಕು. ತಾಗದ ಬೆಳೆಯಾದರೆ 90 ದಿನ. ನಮ್ಮ ಹಿತ್ತಲಿಗೂ ಅದು ಒಳ್ಳೆಯ ಅಳತೆ. ಕೊತ್ತಂಬರಿ, ಮೂಲಂಗಿ, ದಂಟು, ಪಾಲಕ್ ಇವು 25ರಿಂದ 50 ದಿನಗಳಲ್ಲಿ ಅಡುಗೆಮನೆಗೆ ಬರುವಂಥವು. ಇವುಗಳ ಮಡಿಗೆ ಹಸಿ ಗೊಬ್ಬರದ ಮಾತೇ ಬೇಡ. ಕೊತ್ತಂಬರಿಯನ್ನು ಬೇಯಿಸದೆಯೇ ತಿನ್ನುತ್ತೇವೆ ಎಂಬುದನ್ನು ಮರೆಯಬಾರದು.

ಲೇಯರ್, ಬ್ರಾಯ್ಲರ್, ನಾಟಿ ಕೋಳಿ: ಯಾವುದರ ಗೊಬ್ಬರ ಒಳ್ಳೆಯದು?

ಮೂರೂ ಬೇರೆ ಬೇರೆ ಸರಕು. ಒಂದೇ ಹೆಸರಿನಲ್ಲಿ ಮಾರಾಟವಾಗುವುದರಿಂದ ಗೊಂದಲ.

ಬ್ರಾಯ್ಲರ್ ಕೋಳಿಗಳನ್ನು ನೆಲದ ಮೇಲೆ ಭತ್ತದ ಹೊಟ್ಟು, ಮರದ ಹೊಟ್ಟು ಅಥವಾ ಕಡಲೆಕಾಯಿ ಸಿಪ್ಪೆ ಹಾಸಿ ಬೆಳೆಸುತ್ತಾರೆ. ಒಂದು ಬ್ಯಾಚ್ ಹೋದ ಮೇಲೆ ಹಾಸು ಸಮೇತ ಕೆರೆದು ಮೂಟೆ ಕಟ್ಟುತ್ತಾರೆ. ಇದು ಒಣಗಿರುತ್ತದೆ, ಸಾಗಿಸಲು ಸುಲಭ, ವಾಸನೆಯೂ ಕಡಿಮೆ. ಆದರೆ ಮೂಟೆಯಲ್ಲಿ ಹಿಕ್ಕೆ ಎಷ್ಟು, ಹೊಟ್ಟು ಎಷ್ಟು ಎಂದು ಕೈ ಹಾಕಿ ನೋಡಿ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೆಚ್ಚು, ಬೇಗ ಕೊಳೆಯುವುದಿಲ್ಲ. ಮಣ್ಣನ್ನು ಸಡಿಲಗೊಳಿಸುತ್ತದೆ, ಪೋಷಕಾಂಶ ಕೊಡುವುದು ಅಷ್ಟಕ್ಕಷ್ಟೆ.

ಲೇಯರ್ ಕೋಳಿಗಳು ಇರುವುದು ಪಂಜರದಲ್ಲಿ. ಹಿಕ್ಕೆ ನೇರವಾಗಿ ಕೆಳಗೆ ಬಿದ್ದು ರಾಶಿಯಾಗುತ್ತದೆ. ಮೊಟ್ಟೆ ಚಿಪ್ಪು ಗಟ್ಟಿಯಾಗಲೆಂದು ಅವುಗಳ ಮೇವಿಗೆ ಸುಣ್ಣಕಲ್ಲಿನ ಪುಡಿ ಬೆರೆಸುತ್ತಾರೆ. ಹಾಗಾಗಿ ಈ ಗೊಬ್ಬರದಲ್ಲಿ ಕ್ಯಾಲ್ಸಿಯಂ ಧಾರಾಳ. ಹೊಸಪೇಟೆ, ಮೈಸೂರು ಸುತ್ತಮುತ್ತ ಮೊಟ್ಟೆ ಕೋಳಿ ಫಾರಂಗಳು ಹೆಚ್ಚಿರುವುದರಿಂದ ಆ ಕಡೆಯವರಿಗೆ ಸಿಗುವುದು ಬಹುಪಾಲು ಇದೇ. ಹೊಸದಾಗಿದ್ದಾಗ ತೂಕದಲ್ಲಿ ಮುಕ್ಕಾಲು ಪಾಲು ನೀರು. ಮೂಟೆ ಲೆಕ್ಕದಲ್ಲಿ ಕೊಳ್ಳುವವರು ನೀರಿಗೂ ಹಣ ಕೊಡುತ್ತಿದ್ದಾರೆ.

ಹಿತ್ತಲಲ್ಲಿ ಮೇಯುವ ನಾಟಿ ಕೋಳಿ, ಗಿರಿರಾಜ ಕೋಳಿಗಳ ಹಿಕ್ಕೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲು. ಕಸುವಿನಲ್ಲಿ ಹೆಚ್ಚೆಂದಲ್ಲ. ಕೋಳಿ ಏನು ತಿಂದಿದೆ, ಅದಕ್ಕೆ ಯಾವ ಔಷಧ ಕೊಟ್ಟಿದ್ದೇವೆ ಎಂಬುದು ನಮಗೇ ಗೊತ್ತಿರುತ್ತದೆ.

ಮನೆಯಲ್ಲೇ ಗೊಬ್ಬರವನ್ನು ಕಳಿಸುವುದು, ಅಂದರೆ ಕೊಳೆಸಿ ಹದಕ್ಕೆ ತರುವುದು ಹೇಗೆ?

ಕೋಳಿ ಗೊಬ್ಬರದ ಕೆಲಸವೆಲ್ಲ ಹಾರಿಹೋಗಲು ಕಾದಿರುವ ಸಾರಜನಕವನ್ನು ಹಿಡಿದು ನಿಲ್ಲಿಸುವುದರಲ್ಲಿದೆ. ಅದನ್ನು ಹಿಡಿಯುವುದು ಇಂಗಾಲ, ಅಂದರೆ ಒಣಗಿದ ಎಲೆ, ಹುಲ್ಲು, ನಾರು. ಹಿಕ್ಕೆಯಲ್ಲಿ ಒಂದು ಪಾಲು ಸಾರಜನಕಕ್ಕೆ ಹತ್ತು ಪಾಲಿನಷ್ಟೇ ಇಂಗಾಲವಿರುತ್ತದೆ. ಚೆನ್ನಾಗಿ ಕಳಿಯಲು 25ರಿಂದ 30 ಪಾಲು ಬೇಕು. ಆ ಕೊರತೆಯನ್ನು ತುಂಬುವುದು ತರಗೆಲೆ.

ಒಂದು ಪುಟ್ಟಿ ಹಸಿ ಹಿಕ್ಕೆಗೆ ಪುಡಿಯಾದ ತರಗೆಲೆ ನಾಲ್ಕು ಪುಟ್ಟಿ ಹಾಕಿ. ತೂಕದಲ್ಲಿ ಹೆಚ್ಚುಕಡಿಮೆ ಸಮಸಮ. ಬ್ರಾಯ್ಲರ್ ಗೊಬ್ಬರವಾದರೆ ಹೊಟ್ಟು ಮೊದಲೇ ಸೇರಿರುವುದರಿಂದ ಎರಡು ಪುಟ್ಟಿ ಎಲೆ ಸಾಕು, ಆದರೆ ಅದು ಒಣಗಿರುವುದರಿಂದ ನೀರು ಚಿಮುಕಿಸಬೇಕಾಗುತ್ತದೆ. ಭತ್ತದ ಹುಲ್ಲು, ರಾಗಿ ಹುಲ್ಲು, ಕಬ್ಬಿನ ರವದಿ, ಕತ್ತರಿಸಿದ ಬಾಳೆ ಎಲೆ ಯಾವುದಾದರೂ ನಡೆಯುತ್ತದೆ. ಬೆಂಗಳೂರಿನವರಿಗೆ ಫೆಬ್ರವರಿ ಮಾರ್ಚ್ ತಿಂಗಳುಗಳು ಸುಗ್ಗಿ. ಹೊಂಗೆ ಎಲೆ ಉದುರಿಸುವ ಕಾಲ ಅದು, ರಸ್ತೆಬದಿಯಲ್ಲಿ ಎಲೆಯ ಗುಡ್ಡೆಗಳು ಬಿದ್ದಿರುತ್ತವೆ. ಅದಕ್ಕೆ ಬೆಂಕಿ ಇಡುವವರಿಗಿಂತ ಮೊದಲು ನೀವು ಚೀಲ ಹಿಡಿದು ಹೋದರೆ ಊರಿಗೂ ಉಪಕಾರ.

ರಾಶಿ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರಕ್ಕಿಂತ ಚಿಕ್ಕದಾದರೆ ಶಾಖ ನಿಲ್ಲುವುದಿಲ್ಲ. ಕೆಳಗೆ ಒರಟು ಕಡ್ಡಿಗಳನ್ನು ಹಾಸಿ, ಮೇಲೆ ಎಲೆ, ಹಿಕ್ಕೆ, ಎಲೆ, ಹಿಕ್ಕೆ ಹೀಗೆ ಪದರ ಪದರವಾಗಿ ಪೇರಿಸಿ. ಮೇಲಿನ ಪದರ ಯಾವಾಗಲೂ ಎಲೆಯದ್ದೇ ಆಗಿರಲಿ. ತೇವ ಎಷ್ಟಿರಬೇಕೆಂದರೆ, ಒಂದು ಹಿಡಿ ತೆಗೆದು ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು, ನೀರು ಸುರಿಯಬಾರದು.

ಎರಡು ಮೂರು ದಿನಗಳಲ್ಲಿ ರಾಶಿ ಬಿಸಿಯೇರುತ್ತದೆ. ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲವಾದರೆ ಒಂದು ಕಬ್ಬಿಣದ ಸರಳನ್ನು ರಾಶಿಯ ನಡುವಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದು, ತುದಿಯನ್ನು ಮುಟ್ಟಿ ನೋಡಿ. ಹಿಡಿದುಕೊಳ್ಳಲಾಗದೆ ಕೈ ಬಿಡುವಂತಿದ್ದರೆ ರಾಶಿ ಸರಿಯಾಗಿ ಕಾಯುತ್ತಿದೆ. ಬೆಚ್ಚಗಷ್ಟೇ ಇದ್ದರೆ ಹಿಕ್ಕೆ ಕಡಿಮೆಯಾಗಿದೆ ಅಥವಾ ತೇವ ಸಾಲದು. ರೋಗಾಣುಗಳೂ ಕಳೆಬೀಜಗಳೂ ಸಾಯಬೇಕಾದರೆ ಶಾಖ 55 ಡಿಗ್ರಿ ಸೆಲ್ಸಿಯಸ್ ದಾಟಬೇಕು. ತೆರೆದ ರಾಶಿಯಲ್ಲಿ ಕನಿಷ್ಠ 15 ದಿನ ಆ ಶಾಖವಿದ್ದು, ಅಷ್ಟರೊಳಗೆ ಐದು ಸಲ ಮಗುಚಬೇಕು ಎಂಬುದು ಅಂಗೀಕೃತ ಕ್ರಮ. ಮಗುಚುವಾಗ ಹೊರಗಿನದನ್ನು ಒಳಗೆ ಹಾಕುವುದೇ ಮುಖ್ಯ, ಏಕೆಂದರೆ ಹೊರಪದರಕ್ಕೆ ಶಾಖ ತಟ್ಟಿರುವುದಿಲ್ಲ. ಅದನ್ನು ಬಿಟ್ಟು ಮೇಲೆ ಕೆಳಗೆ ಕೆದಕಿದರೆ ಬೆನ್ನುನೋವಷ್ಟೇ ಲಾಭ.

ಶಾಖ ಇಳಿದ ಮೇಲೆ ಒಂದೂವರೆ ಎರಡು ತಿಂಗಳು ನೆರಳಿನಲ್ಲಿ ಸುಮ್ಮನೆ ಬಿಡಿ. ಒಟ್ಟು ಮೂರು ತಿಂಗಳು ಎಂದಿಟ್ಟುಕೊಳ್ಳಿ. ಫೆಬ್ರವರಿಯಲ್ಲಿ ಹಾಕಿದ ರಾಶಿ ಮುಂಗಾರಿನ ಬಿತ್ತನೆಗೆ ಸರಿಯಾಗಿ ಕೈಗೆ ಬರುತ್ತದೆ.

ವಾಸನೆ ತಡೆಯಲು ಬೂದಿ, ಸುಣ್ಣ ಹಾಕಬಹುದೇ?

ಬೇಡ. ಹಳ್ಳಿಗಳಲ್ಲಿ ಕೋಳಿಗೂಡಿಗೆ ಬೂದಿ ಎರಚುವ ರೂಢಿ ಇದೆ. ಗೂಡಿನ ತೇವ ಹೀರಲು, ಹೇನು ತಡೆಯಲು ಅದು ಸರಿ. ಗೊಬ್ಬರದ ದೃಷ್ಟಿಯಿಂದ ನಷ್ಟ. ಬೂದಿ ಮತ್ತು ಸುಣ್ಣ ಎರಡೂ ಕ್ಷಾರ. ಕ್ಷಾರ ಸೇರಿದೊಡನೆ ಹಿಕ್ಕೆಯಲ್ಲಿರುವ ಸಾರಜನಕ ಅಮೋನಿಯಾ ಅನಿಲವಾಗಿ ಇನ್ನೂ ಬೇಗ ಹಾರುತ್ತದೆ. ವಾಸನೆ ಬರುತ್ತಿದೆಯೆಂದರೆ ಸಾರಜನಕ ಹೋಗುತ್ತಿದೆ ಎಂದೇ ಅರ್ಥ. ಅದಕ್ಕೆ ಮದ್ದು ಇನ್ನೊಂದು ಪುಟ್ಟಿ ತರಗೆಲೆ. ಏನಾದರೂ ಬೆರೆಸಲೇಬೇಕೆಂದರೆ ಜಿಪ್ಸಂ ಅಥವಾ ಸೂಪರ್ ಫಾಸ್ಫೇಟ್ ಸ್ವಲ್ಪ ಬಳಸಬಹುದು, ಅವು ಅಮೋನಿಯಾವನ್ನು ಹಿಡಿದಿಡುತ್ತವೆ. ರಂಜಕ ಈಗಾಗಲೇ ಹೆಚ್ಚಿರುವ ಗೊಬ್ಬರಕ್ಕೆ ಸೂಪರ್ ಫಾಸ್ಫೇಟ್‌ಗಿಂತ ಜಿಪ್ಸಂ ವಾಸಿ.

ಪೂರ್ತಿ ಕಳಿತಿದೆ ಎಂದು ತಿಳಿಯುವುದು ಹೇಗೆ?

ಮೂಗು, ಕೈ, ಮೆಂತ್ಯ.

ಮೂಗಿಗೆ ಅಮೋನಿಯಾದ ಘಾಟು ತಟ್ಟದೆ ಮಣ್ಣಿನ ವಾಸನೆ ಬರಬೇಕು. ಸಂಶಯವಿದ್ದರೆ ಒಂದು ಹಿಡಿಯನ್ನು ತೇವ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು ಮೂರು ದಿನ ಬಿಟ್ಟು ಬಿಚ್ಚಿ ನೋಡಿ. ದುರ್ವಾಸನೆ ಹೊಡೆದರೆ ಇನ್ನೂ ಹದಕ್ಕೆ ಬಂದಿಲ್ಲ. ಕೈಗೆ ಪುಡಿಪುಡಿಯಾಗಿ, ತಣ್ಣಗೆ ಇರಬೇಕು; ಹಿಕ್ಕೆಯ ಗಂಟುಗಳು ಗುರುತಿಗೆ ಸಿಗಬಾರದು.

ಕೊನೆಯ ಪರೀಕ್ಷೆ ಮೆಂತ್ಯದ್ದು, ಇದೇ ನಂಬಲರ್ಹ. ಎರಡು ಕರಟ ತೆಗೆದುಕೊಳ್ಳಿ. ಒಂದಕ್ಕೆ ಬರೀ ಮಣ್ಣು, ಇನ್ನೊಂದಕ್ಕೆ ಮೂರು ಪಾಲು ಮಣ್ಣು ಮತ್ತು ಒಂದು ಪಾಲು ಗೊಬ್ಬರ ತುಂಬಿ, ಎರಡಕ್ಕೂ ಹತ್ತು ಹತ್ತು ಮೆಂತ್ಯ ಕಾಳು ಹಾಕಿ. ವಾರದೊಳಗೆ ಎರಡರಲ್ಲೂ ಸರಿಸುಮಾರು ಒಂದೇ ಸಂಖ್ಯೆಯ ಮೊಳಕೆ ಬಂದು, ಬೇರು ಬಿಳಿಯಾಗಿ ಉದ್ದಕ್ಕಿದ್ದರೆ ಗೊಬ್ಬರ ಸಿದ್ಧ. ಗೊಬ್ಬರದ ಕರಟದಲ್ಲಿ ಮೊಳಕೆ ಕಡಿಮೆಯಾಗಿ, ಬೇರಿನ ತುದಿ ಕಂದಾಗಿದ್ದರೆ ರಾಶಿಗೆ ಇನ್ನೂ ಕೆಲವು ವಾರ ಕೊಡಿ. ಅಂಗಡಿಯಿಂದ "ಕಾಂಪೋಸ್ಟ್ ಮಾಡಿದ್ದು" ಎಂದು ತಂದ ಮೂಟೆಗೂ ಈ ಪರೀಕ್ಷೆ ಮಾಡಿ. ಬಿಸಿಲಿಗೆ ಒಣಗಿಸಿದ್ದನ್ನೇ ಕಳಿತದ್ದೆಂದು ಮಾರುವವರು ಕಡಿಮೆಯಿಲ್ಲ. ಒಣಗುವುದು ಬೇರೆ, ಕಳಿಯುವುದು ಬೇರೆ. ಒಣಗಿದ ಹಿಕ್ಕೆ ನೀರು ಬಿದ್ದೊಡನೆ ಮತ್ತೆ ಹಸಿಯಾಗುತ್ತದೆ.

ಎಷ್ಟು ಹಾಕಬೇಕು?

ಫಾರಂನಿಂದ ಬಂದು ಕಳಿತ ಗೊಬ್ಬರವಾದರೆ ಚದರ ಮೀಟರಿಗೆ ಅರ್ಧ ಕಿಲೋ. ಹತ್ತಡಿ ಉದ್ದ, ಹತ್ತಡಿ ಅಗಲದ ಪಾತಿಗೆ ಐದು ಕಿಲೋಗಿಂತ ತುಸು ಕಡಿಮೆ. ಎಕರೆಗೆ ಲೆಕ್ಕ ಹಾಕಿದರೆ ಎರಡು ಟನ್. ಎಲೆ ಸಮಸಮ ಬೆರೆಸಿ ಮನೆಯಲ್ಲೇ ಕಳಿಸಿದ್ದಾದರೆ ಅದರ ಕಸುವು ಕಡಿಮೆ, ಹಾಗಾಗಿ ಚದರ ಮೀಟರಿಗೆ ಒಂದು ಕಿಲೋವರೆಗೂ ಹೋಗಬಹುದು. ನಾಟಿಗೆ ಎರಡು ಮೂರು ವಾರ ಮೊದಲು ಹಾಕಿ ಮೇಲಿನ ನಾಲ್ಕೈದು ಇಂಚು ಮಣ್ಣಿಗೆ ಬೆರೆಸಿ.

ಐದು ಕಿಲೋ ನೋಡಲು ಏನೂ ಅಲ್ಲ, ಪಾತಿಯ ಮೇಲೆ ಹರಡಿದರೆ ಕಾಣುವುದೇ ಇಲ್ಲ. "ಇಷ್ಟೇನಾ" ಎಂದು ಇನ್ನೊಂದು ಪುಟ್ಟಿ ಸುರಿಯುವವರು ಇಲ್ಲೇ ಜಾರುವುದು. ಆ ಐದು ಕಿಲೋದಲ್ಲಿ 150 ಗ್ರಾಂನಷ್ಟು ಸಾರಜನಕವಿದೆ. ಅದರಲ್ಲಿ ಸುಮಾರು ಅರ್ಧ ಮೊದಲ ಬೆಳೆಗೇ ದೊರೆಯುತ್ತದೆ, ಉಳಿದದ್ದು ನಿಧಾನವಾಗಿ ಬಿಡುಗಡೆಯಾಗುತ್ತದೆ.

ಕುಂಡಕ್ಕೆ, ಗ್ರೋ ಬ್ಯಾಗಿಗೆ?

ಕುಂಡದಲ್ಲಿ ಉಪ್ಪಿಗೆ ಹೋಗಲು ಜಾಗವಿಲ್ಲ, ಆದ್ದರಿಂದ ಇನ್ನೂ ಹುಷಾರಾಗಿರಬೇಕು. ಮಿಶ್ರಣ ಮಾಡುವಾಗ ಒಟ್ಟು ಅಳತೆಯಲ್ಲಿ ಇಪ್ಪತ್ತರಲ್ಲಿ ಒಂದು ಪಾಲು, ಗಟ್ಟಿ ಗಿಡಗಳಿಗೆ ಹತ್ತರಲ್ಲಿ ಒಂದು ಪಾಲು ಸಾಕು. ಆಮೇಲೆ 12 ಇಂಚಿನ ಕುಂಡಕ್ಕೆ ಒಂದು ಸಣ್ಣ ಹಿಡಿ, ಅಂದರೆ 35 ಗ್ರಾಂನ ಆಸುಪಾಸು, ಎರಡು ತಿಂಗಳಿಗೊಮ್ಮೆ. ಕಾಂಡಕ್ಕೆ ತಾಗದಂತೆ ಕುಂಡದ ಅಂಚಿನಲ್ಲಿ ಹಾಕಿ ಮೇಲ್ಮಣ್ಣಿಗೆ ಕೆದಕಿ ಬೆರೆಸಿ ನೀರು ಕೊಡಿ. ಬೀಜ ಬಿತ್ತುವ ಟ್ರೇಗೆ ಒಂದು ಚಿಟಿಕೆಯೂ ಬೇಡ.

ಯಾವ ಗಿಡಕ್ಕೆ ಇಷ್ಟ, ಯಾವುದಕ್ಕೆ ಕಷ್ಟ?

ಬಾಳೆ, ಬದನೆ, ಮೆಣಸಿನಕಾಯಿ, ಎಲೆಕೋಸು, ಕುಂಬಳ, ಸೋರೆ, ಹೀರೆ ಇವು ಹೊಟ್ಟೆಬಾಕ ಬೆಳೆಗಳು, ಕೊಟ್ಟಷ್ಟಕ್ಕೂ ಋಣ ತೀರಿಸುತ್ತವೆ. ಸೊಪ್ಪುಗಳಿಗೂ ಒಳ್ಳೆಯದು, ಚೆನ್ನಾಗಿ ಕಳಿತಿದ್ದರೆ ಮಾತ್ರ. ಹುರುಳಿಕಾಯಿ, ಅವರೆ, ಅಲಸಂದೆ, ಕಡಲೆಕಾಯಿ ತಮ್ಮ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ತಾವೇ ಸಂಪಾದಿಸುತ್ತವೆ. ಅವಕ್ಕೆ ಕೋಳಿ ಗೊಬ್ಬರ ಹಾಕಿದರೆ ಸೋಮಾರಿಗಳಾಗಿ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತವೆ. ಕ್ಯಾರೆಟ್, ಮೂಲಂಗಿಗೆ ಹಸಿ ಗೊಬ್ಬರ ತಗುಲಿದರೆ ಗಡ್ಡೆ ಕವಲೊಡೆಯುತ್ತದೆ, ಎಲೆ ಮಾತ್ರ ಮೊಣಕಾಲೆತ್ತರ ಬೆಳೆಯುತ್ತದೆ. ಹಿಂದಿನ ಬೆಳೆಗೆ ಗೊಬ್ಬರ ಉಂಡ ಪಾತಿಯಲ್ಲಿ ಇವನ್ನು ಬೆಳೆಯುವುದು ಜಾಣತನ.

ಶುಂಠಿ ಬೆಳೆಗಾರರು ಇದನ್ನು ಲೋಡುಗಟ್ಟಲೆ ಬಳಸುತ್ತಾರೆ. ಅವರ ಲೆಕ್ಕಾಚಾರ ಬೇರೆ. ಅನೇಕರದ್ದು ಗುತ್ತಿಗೆಯ ನೆಲ, ಬೆಳೆ ತೆಗೆದು ಮುಂದಿನ ಊರಿಗೆ ಹೋಗುವವರು. ಅದೇ ಮಣ್ಣಿನಲ್ಲಿ ವರ್ಷಾನುಗಟ್ಟಲೆ ಬದುಕಬೇಕಾದ ನಿಮಗೆ ಅವರ ಪ್ರಮಾಣ ಮಾದರಿಯಾಗಬಾರದು.

ಕೆಂಪು ಮಣ್ಣಿಗೂ ಕಪ್ಪು ಮಣ್ಣಿಗೂ ವ್ಯತ್ಯಾಸವಿದೆಯೇ?

ಇದೆ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣು ಹುಳಿ ಗುಣದ್ದು. ಲೇಯರ್ ಗೊಬ್ಬರದ ಕ್ಯಾಲ್ಸಿಯಂ ಆ ಹುಳಿಯನ್ನು ಸ್ವಲ್ಪ ತಗ್ಗಿಸುತ್ತದೆ. ಒಂದು ಖರ್ಚಿನಲ್ಲಿ ಎರಡು ಕೆಲಸ. ಉತ್ತರ ಕರ್ನಾಟಕದ ಎರೆ ಭೂಮಿ ಮೊದಲೇ ಕ್ಷಾರ, ಅಲ್ಲಿ ಲೇಯರ್ ಗೊಬ್ಬರ ಅತಿಯಾದರೆ ಕಬ್ಬಿಣ, ಸತು ಗಿಡಕ್ಕೆ ದಕ್ಕದೆ ಎಳೆಯ ಎಲೆ ಹಳದಿಯಾಗುತ್ತದೆ. ಸೌಳು ಮಣ್ಣಿಗಂತೂ ಉಪ್ಪಿನ ಮೇಲೆ ಉಪ್ಪು ಸುರಿದಂತಾಗುತ್ತದೆ. ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಿ ರಸಸಾರ, ಅಂದರೆ ಮಣ್ಣು ಎಷ್ಟು ಹುಳಿ ಅಥವಾ ಕ್ಷಾರ ಎಂಬುದನ್ನು ತಿಳಿದುಕೊಳ್ಳಿ, ಊಹೆಯ ಕೆಲಸ ಬೇಡ.

ಟೊಮೆಟೊ ಗಿಡ ಆಳೆತ್ತರ ಬೆಳೆದಿದೆ, ಕಾಯಿ ಮಾತ್ರ ಇಲ್ಲ. ಗೊಬ್ಬರದ ದೋಷವೇ?

ಬಹಳ ಸಲ ಹೌದು. ಸಾರಜನಕ ಹೆಚ್ಚಾದರೆ ಗಿಡ ಎಲೆಯಲ್ಲೇ ಮೈಮರೆಯುತ್ತದೆ. ಎಲೆ ಕಡುಹಸಿರಾಗಿ ಮೆತ್ತಗಿದ್ದರೆ ಸಸ್ಯಹೇನು, ಜಿಗಿಹುಳು ಹುಡುಕಿಕೊಂಡು ಬರುತ್ತವೆ. ಗೊಬ್ಬರ ನಿಲ್ಲಿಸಿ, ನೀರು ಹದಕ್ಕೆ ತನ್ನಿ, ಬುಡಕ್ಕೆ ಹುಲ್ಲು ಹೊದಿಸಿ. ಹೂ ಕಚ್ಚಲು ಶುರುವಾದ ಮೇಲೆ ಬೇಕಿರುವುದು ಪೊಟ್ಯಾಷ್. ಕೋಳಿ ಗೊಬ್ಬರದಲ್ಲಿ ಇರುವ ಮೂರರಲ್ಲಿ ಕಡಿಮೆ ಇರುವುದೇ ಅದು. ಬೂದಿಗೆ ಇಲ್ಲಿ ಕೆಲಸವಿದೆ, ಮಣ್ಣು ಹುಳಿಯಾಗಿದ್ದರೆ ಬುಡಕ್ಕೆ ಒಂದು ಹಿಡಿ ಎರಚಿ.

ಎಲೆಯ ಅಂಚು ಸುಟ್ಟಿದೆ. ಈಗ ಏನು ಮಾಡಲಿ?

ಮೇಲೆ ಹಾಕಿದ ಗೊಬ್ಬರವನ್ನು ಕೆರೆದು ತೆಗೆಯಿರಿ. ಕುಂಡವಾದರೆ ಅದರ ಅಳತೆಯ ಎರಡು ಪಟ್ಟು ನೀರನ್ನು ನಿಧಾನವಾಗಿ ಹಾಯಿಸಿ ತಳದಿಂದ ಬಸಿದುಹೋಗಲು ಬಿಡಿ. ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಅದು ಉಪ್ಪು, ಅರ್ಧ ಇಂಚು ಕೆರೆದು ಎಸೆಯಿರಿ. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ. ಹೊಸ ಚಿಗುರು ಸರಿಯಾಗಿ ಬಂದರೆ ಗಿಡ ಗೆದ್ದಿತು. ಅಲ್ಲಿಯವರೆಗೆ ಇನ್ಯಾವ ಗೊಬ್ಬರವನ್ನೂ, "ಟಾನಿಕ್" ಅನ್ನೂ ಕೊಡಬೇಡಿ.

ವರ್ಷ ವರ್ಷವೂ ಇದನ್ನೇ ಹಾಕುತ್ತಾ ಹೋಗಬಹುದೇ?

ಎಲ್ಲರೂ ಎಲೆ ಸುಡುವುದರ ಬಗ್ಗೆ ಕೇಳುತ್ತಾರೆ, ಈ ಪ್ರಶ್ನೆ ಕೇಳುವವರು ವಿರಳ. ನನಗೆ ಹೆಚ್ಚು ಚಿಂತೆ ಇರುವುದು ಇದರಲ್ಲೇ.

ಗಿಡ ಸಾರಜನಕವನ್ನು ರಂಜಕಕ್ಕಿಂತ ಹಲವು ಪಟ್ಟು ಹೆಚ್ಚು ತೆಗೆದುಕೊಳ್ಳುತ್ತದೆ. ಕೋಳಿ ಗೊಬ್ಬರದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಸಾರಜನಕದ ಲೆಕ್ಕ ಹಿಡಿದು ಗೊಬ್ಬರ ಹಾಕಿದರೆ ಪ್ರತಿ ಬೆಳೆಗೂ ಗಿಡಕ್ಕೆ ಬೇಡದ ರಂಜಕ ಮಣ್ಣಿನಲ್ಲಿ ಉಳಿಯುತ್ತದೆ. ಅದು ಗಾಳಿಗೆ ಹಾರುವುದಿಲ್ಲ, ನೀರಿನೊಂದಿಗೆ ಸುಲಭವಾಗಿ ಇಳಿಯುವುದೂ ಇಲ್ಲ, ಅಲ್ಲೇ ಸೇರುತ್ತಾ ಹೋಗುತ್ತದೆ. ನಾಲ್ಕೈದು ವರ್ಷಗಳಾದ ಮೇಲೆ ಒಂದು ದಿನ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗಿರುತ್ತವೆ. ರಂಜಕ ಅತಿಯಾಗಿ ಸತು, ಕಬ್ಬಿಣಕ್ಕೆ ಅಡ್ಡ ನಿಂತಿರುತ್ತದೆ. ಆಗ ಅದನ್ನು ಹೊರಗೆ ತೆಗೆಯುವ ಉಪಾಯ ಯಾವುದೂ ಇಲ್ಲ. ಬೆಳೆ ಬೆಳೆದು ಕೊಯ್ದು ಖರ್ಚು ಮಾಡುವುದೊಂದೇ ದಾರಿ.

ಆದ್ದರಿಂದ ವರ್ಷದಲ್ಲಿ ಒಂದು ಬೆಳೆಗೆ ಕೋಳಿ ಗೊಬ್ಬರ ಕೊಟ್ಟರೆ ಇನ್ನೊಂದಕ್ಕೆ ಕೊಟ್ಟಿಗೆ ಗೊಬ್ಬರ ಅಥವಾ ಎಲೆಗೊಬ್ಬರ ಹಾಕಿ. ನಡುವೆ ಸಾಧ್ಯವಾದರೆ ಅಪ್ಸೆಣಬು ಅಥವಾ ಅಲಸಂದೆ ಬೆಳೆದು ಹೂ ಬಿಡುವ ಮೊದಲು ಮಣ್ಣಿಗೆ ಸೇರಿಸಿ. ಸಾರಜನಕ ಹೀಗೆ ಪುಕ್ಕಟೆಯಾಗಿ ಬರುತ್ತದೆ, ರಂಜಕದ ಹೊರೆ ಏರುವುದಿಲ್ಲ.

ನೊಣದ ಕಾಟ. ಪಕ್ಕದ ಮನೆಯವರು ಜಗಳಕ್ಕೆ ಬಂದಿದ್ದಾರೆ.

ಅವರದ್ದು ನ್ಯಾಯವಾದ ಜಗಳ. ಬೇಸಿಗೆಯಲ್ಲಿ ಮನೆನೊಣದ ಮೊಟ್ಟೆ ನೊಣವಾಗಲು ಒಂದು ವಾರ ಹತ್ತು ದಿನ ಸಾಕು, ತೇವದ ಕೋಳಿ ಹಿಕ್ಕೆ ಅದಕ್ಕೆ ತವರುಮನೆ. ತಂದ ದಿನವೇ ರಾಶಿ ಹಾಕಿ ಎಲೆ ಮುಚ್ಚಿ, ಮೂಟೆಯನ್ನು ಬಿಚ್ಚಿಟ್ಟು ನಾಳೆ ನಾಡಿದ್ದು ಎನ್ನಬೇಡಿ. ಬಿಸಿ ರಾಶಿಯ ಒಳಗೆ ಮರಿಹುಳು ಬದುಕುವುದಿಲ್ಲ, ಅದು ಬದುಕುವುದು ತಣ್ಣನೆಯ ಹೊರಪದರದಲ್ಲಿ. ನಾಲ್ಕೈದು ದಿನಕ್ಕೊಮ್ಮೆ ಮಗುಚಿದರೆ ಅವು ಬೇಯುತ್ತವೆ. ಕೋಳಿಗಳಿದ್ದರೆ ಮಗುಚುವಾಗ ಪಕ್ಕಕ್ಕೆ ಬಿಡಿ, ಹುಳು, ಗೊಣ್ಣೆಹುಳುಗಳನ್ನು ಆರಿಸಿ ತಿನ್ನುತ್ತವೆ.

ಎರೆಹುಳು ತೊಟ್ಟಿಗೆ ಹಾಕಬಹುದೇ?

ಹಸಿಯಾಗಿ ಹಾಕಿದರೆ ಎರೆಹುಳುಗಳು ಸಾಯುತ್ತವೆ, ಇಲ್ಲವೇ ಗೋಡೆ ಹತ್ತಿ ಓಡುತ್ತವೆ. ಬಿಸಿ ಹಂತ ಮುಗಿದ ರಾಶಿಯಿಂದ ಸ್ವಲ್ಪ ತೆಗೆದು ತೊಟ್ಟಿಯ ಒಂದು ಮೂಲೆಗೆ ಮಾತ್ರ ಹಾಕಿ, ಹುಳುಗಳು ತಾವಾಗಿ ಅತ್ತ ಹೋಗುತ್ತವೆಯೇ ನೋಡಿ. ಹೋದರೆ ಉಳಿದದ್ದನ್ನೂ ಹಾಕಿ.

ಜೀವಾಮೃತಕ್ಕೆ ಸಗಣಿಯ ಬದಲು ಹಿಕ್ಕೆ ಬಳಸಬಹುದೇ?

ಬೇಡ. ಜೀವಾಮೃತದ ಉದ್ದೇಶ ಸೂಕ್ಷ್ಮಜೀವಿಗಳನ್ನು ಬೆಳೆಸುವುದು, ಪೋಷಕಾಂಶ ಸುರಿಯುವುದಲ್ಲ. ಬೆಲ್ಲ, ದ್ವಿದಳ ಹಿಟ್ಟಿನ ಜೊತೆ ಹಸಿ ಹಿಕ್ಕೆ ಸೇರಿಸಿ ಡ್ರಮ್ಮಿನಲ್ಲಿ ಕದಡಿದರೆ ಬೆಳೆಯುವುದು ಯಾವ ಜೀವಿಗಳು ಎಂಬ ಖಾತರಿ ಯಾರೂ ಕೊಡಲಾರರು. ದ್ರವರೂಪದಲ್ಲೇ ಬೇಕೆಂದರೆ ಪೂರ್ತಿ ಕಳಿತ ಗೊಬ್ಬರ ಒಂದು ಕಿಲೋವನ್ನು ಗೋಣಿಬಟ್ಟೆಯಲ್ಲಿ ಕಟ್ಟಿ ಹತ್ತು ಲೀಟರ್ ನೀರಿನಲ್ಲಿ ಒಂದು ದಿನ ಮುಳುಗಿಸಿ, ಅಷ್ಟೇ ನೀರು ಬೆರೆಸಿ ಬುಡಕ್ಕೆ ಹಾಕಿ. ಎಲೆಗೆ ಸಿಂಪಡಿಸಬೇಡಿ.

ಹಕ್ಕಿಜ್ವರದ ಭಯವಿಲ್ಲವೇ? ಕೋಳಿಗೆ ಕೊಡುವ ಔಷಧಗಳ ಕಥೆ ಏನು?

ಹೆಸರಘಟ್ಟದಲ್ಲಿ 2012ರಲ್ಲಿ, ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ 2025ರ ಆರಂಭದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ರೋಗ ದೃಢಪಟ್ಟ ಜಾಗದ ಸುತ್ತ ಒಂದು ಕಿಲೋಮೀಟರ್ ವ್ಯಾಪ್ತಿಯಲ್ಲಿ ಕೋಳಿಗಳನ್ನು ಕೊಂದು ವಿಲೇವಾರಿ ಮಾಡುತ್ತಾರೆ, ಮೇವು ಮತ್ತು ಗೊಬ್ಬರವನ್ನೂ ನಾಶಪಡಿಸುತ್ತಾರೆ. ಹಿಕ್ಕೆಯಲ್ಲಿ ವೈರಾಣು ಇರುತ್ತದೆ ಎಂಬುದೇ ಅದಕ್ಕೆ ಕಾರಣ. ನಿಮ್ಮ ಜಿಲ್ಲೆಯಲ್ಲಿ ಅಂಥ ಸುದ್ದಿಯಿರುವಾಗ ಯಾರೋ ಅಗ್ಗಕ್ಕೆ ಗೊಬ್ಬರ ಕೊಡುತ್ತೇವೆಂದರೆ ಕೊಳ್ಳಬೇಡಿ. ಅಗ್ಗ ಏಕಾಯಿತು ಎಂದು ಯೋಚಿಸಿ. ಮನೆಯಲ್ಲಿ ಕೋಳಿ ಸಾಕಿರುವವರು ಯಾವ ಕಾಲದಲ್ಲೂ ಹೊರಗಿನ ಹಸಿ ಗೊಬ್ಬರವನ್ನು ಗೂಡಿನ ಹತ್ತಿರ ಇಳಿಸದಿರುವುದು ಕ್ಷೇಮ.

ಔಷಧದ ವಿಚಾರ: ಫಾರಂ ಕೋಳಿಗಳಿಗೆ ಆಂಟಿಬಯೋಟಿಕ್ ಕೊಡುವುದುಂಟು, ಅದರ ಒಂದು ಭಾಗ ಹಿಕ್ಕೆಯಲ್ಲಿ ಹೊರಬರುತ್ತದೆ. ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಬಿಸಿ ರಾಶಿಯಲ್ಲಿ ಹಲವು ಔಷಧಗಳ ಉಳಿಕೆ ಬಹುಮಟ್ಟಿಗೆ ಒಡೆಯುತ್ತದೆ, ಪೂರ್ತಿ ಅಲ್ಲ. ಮೇವಿನಿಂದ ಬರುವ ತಾಮ್ರ, ಸತು ಎಲ್ಲಿಗೂ ಹೋಗುವುದಿಲ್ಲ. ಪ್ರಮಾಣ ಮಿತಿಯಲ್ಲಿರಲಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಒಣ ಗೊಬ್ಬರ ಕೆದಕುವಾಗ ಮೂಗು ಬಾಯಿಗೆ ಮಾಸ್ಕ್, ಕಾಲಿಗೆ ಬೂಟು, ಕೈಗೆ ಗವಸು. ಆಸ್ತಮಾ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡುವುದು ಲೇಸು.

ದನ, ನಾಯಿಗಳಿಂದ ರಾಶಿಯನ್ನು ಕಾಯಬೇಕೇ?

ದನಗಳಿಂದ ಖಂಡಿತ. ಫಾರಂ ಗೊಬ್ಬರದಲ್ಲಿ ಸತ್ತ ಕೋಳಿಯ ಅವಶೇಷ ಸೇರಿರುವುದುಂಟು, ಅದರಲ್ಲಿ ಬೊಟುಲಿಸಂ ವಿಷ ಉತ್ಪತ್ತಿಯಾಗಬಹುದು. ಅಂಥ ಗೊಬ್ಬರಕ್ಕೆ ಬಾಯಿ ಹಾಕಿದ, ಅದನ್ನು ಹರಡಿದ ಹುಲ್ಲುಗಾವಲಿನಲ್ಲಿ ಮೇಯ್ದ ದನ ಪಾರ್ಶ್ವವಾಯು ಬಡಿದು ಸಾಯುತ್ತದೆ, ಉಳಿಸಿಕೊಳ್ಳುವುದು ಕಷ್ಟ. ನಾಯಿಗಳು ಕೆದಕಿ ಎಳೆದಾಡುವುದೂ ಅದೇ ಅವಶೇಷಕ್ಕಾಗಿ. ರಾಶಿಯ ಸುತ್ತ ಬೇಲಿ ಇರಲಿ.

ಮಳೆಗಾಲದಲ್ಲಿ?

ಮಳೆ ಹಿಡಿದಿರುವಾಗ ಹಾಕಿದ ಗೊಬ್ಬರ ಚರಂಡಿಗೆ ಹೋಗುತ್ತದೆ. ಕರಾವಳಿ, ಮಲೆನಾಡಿನವರು ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ತಡೆದು ಮಳೆ ಇಳಿದ ಮೇಲೆ ಹಾಕಿದರೆ ಉತ್ತಮ. ರಾಶಿಗೆ ತಗಡು ಅಥವಾ ಟಾರ್ಪಾಲಿನ್ ಹೊದಿಸಿ. ಅದರಿಂದ ಸೋರುವ ಕಪ್ಪುನೀರು ಬಾವಿಗೆ ಸೇರಿದರೆ ನೈಟ್ರೇಟ್ ಏರುತ್ತದೆ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ, ಹಸುಗೂಸುಗಳಿಗೆ ಅದು ಅಪಾಯ. ಬಾವಿ, ಕೊಳವೆಬಾವಿಗೆ ಕನಿಷ್ಠ ನೂರಡಿ ದೂರವಿರಲಿ.

ಇದು ಸಾವಯವವೇ?

ಮನೆಬಳಕೆಗೆ ಈ ಪ್ರಶ್ನೆಯ ಗೊಡವೆ ಬೇಡ. ಪ್ರಮಾಣಪತ್ರ ಪಡೆದು ಮಾರುವವರಾದರೆ, ಪಂಜರದ ಫಾರಂ ಗೊಬ್ಬರಕ್ಕೆ ನಿರ್ಬಂಧಗಳಿರುವುದರಿಂದ ಮೂಟೆ ತರುವ ಮೊದಲೇ ನಿಮ್ಮ ಪ್ರಮಾಣೀಕರಣ ಸಂಸ್ಥೆಯನ್ನು ಕೇಳಿ, ಲಿಖಿತವಾಗಿ ಉತ್ತರ ಪಡೆಯಿರಿ.

ಹಿತ್ತಲಿಗೆ ಬೇಕಾದಷ್ಟು ಗೊಬ್ಬರಕ್ಕೆ ಎಷ್ಟು ಕೋಳಿ ಬೇಕು?

ಒಂದು ದೊಡ್ಡ ಕೋಳಿ ದಿನಕ್ಕೆ ಸುಮಾರು 100 ಗ್ರಾಂ ಹಸಿ ಹಿಕ್ಕೆ ಹಾಕುತ್ತದೆ. ನಾಲ್ಕು ಕೋಳಿಗಳಿಂದ ವರ್ಷಕ್ಕೆ 140 ಕಿಲೋಗಿಂತ ಸ್ವಲ್ಪ ಹೆಚ್ಚು. ಹಗಲು ತೋಟದಲ್ಲಿ ಅಡ್ಡಾಡುವಾಗ ಬೀಳುವುದು ಕೈಗೆ ಸಿಗುವುದಿಲ್ಲ, ರಾತ್ರಿ ಗಳದ ಮೇಲೆ ಕೂತಾಗ ಬೀಳುವುದಷ್ಟೇ ಸಿಗುವುದು. ಅದನ್ನು ಅರ್ಧವೆಂದು ಹಿಡಿಯಿರಿ, 70 ಕಿಲೋ. ಅಷ್ಟೇ ತೂಕದ ತರಗೆಲೆ ಬೆರೆಸಿ ಕಳಿಸಿದರೆ ತೂಕ ಅರ್ಧಕ್ಕಿಳಿದು ಅರವತ್ತೆಪ್ಪತ್ತು ಕಿಲೋ ಗೊಬ್ಬರ ಉಳಿಯುತ್ತದೆ. ಹತ್ತಡಿ ಉದ್ದಗಲದ ಆರು ಪಾತಿಗಳಿಗೆ ವರ್ಷಕ್ಕೊಮ್ಮೆ ಹಾಕಲು ಅದು ಸಾಕು. ಗಳದ ಕೆಳಗೆ ಬರೀ ನೆಲ ಬಿಡದೆ ನಾಲ್ಕು ಇಂಚು ದಪ್ಪಕ್ಕೆ ತರಗೆಲೆ ಹಾಸಿ, ವಾರಕ್ಕೊಮ್ಮೆ ಒಂದಷ್ಟು ಎಲೆ ಸೇರಿಸುತ್ತಾ ಹೋದರೆ ಕೆರೆಯುವ ಕೆಲಸವೂ ಸುಲಭ, ಬೆರೆಸುವ ಕೆಲಸ ಅರ್ಧ ಅಲ್ಲೇ ಮುಗಿದಿರುತ್ತದೆ.